ಫ್ರಿಜ್ಜಿನ ಮೇಲಿನ ರಾಹುಕಾಲ

ಯಾರಿಗೂ ಗೊತ್ತಾಗದ ಹಾಗೆ ಕಸ ಹಾಕುವುದು ಜಪಾನಿನಲ್ಲಿ ಸಾಧ್ಯವಿಲ್ಲ. ಕಾವಾಸಾಕಿಗೆ ಬಂದ ಎರಡನೇ ವಾರವೇ ಇದನ್ನು ಕಲಿತೆ. ಆಫೀಸಿಗೆ ತಡವಾಯಿತೆಂದು ಒಂದು ಬೆಳಿಗ್ಗೆ ಹಸಿಕಸ, ಒಣಕಸ ಎರಡನ್ನೂ ಒಂದೇ ಚೀಲಕ್ಕೆ ತುರುಕಿ, ಹೆಸರಿದ್ದ ಕಾಗದಗಳನ್ನೆಲ್ಲ ಹುಷಾರಾಗಿ ಹೊರತೆಗೆದು, ಕಟ್ಟಡದ ಕಸದ ಮೂಲೆಯಲ್ಲಿಟ್ಟು ಓಡಿದ್ದೆ. ಸಂಜೆ ಬಂದರೆ ಕಟ್ಟಡ ನೋಡಿಕೊಳ್ಳುವ ಹಿರಿಯರು, ನಾವೆಲ್ಲ ಕಾನ್ರಿನಿನ್-ಸಾನ್ ಎಂದು ಕರೆಯುವವರು, ಅದೇ ಚೀಲವನ್ನು ಪ್ರಸಾದದ ಹಾಗೆ ಎರಡೂ ಕೈಯಲ್ಲಿ ಹಿಡಿದು ನನ್ನ ಬಾಗಿಲ ಮುಂದೆ ನಿಂತಿದ್ದರು. ನನ್ನದೇ ಎಂದು ಹೇಗೆ ಗೊತ್ತಾಯಿತು ಎಂದು ಕೇಳಿದೆ. ಅವರು ತಲೆ ಬಗ್ಗಿಸಿ, ತಪ್ಪು ತಮ್ಮದೇ ಎಂಬಷ್ಟು ಸಂಕೋಚದಿಂದ, ಚೀಲದೊಳಗಿನ ಕರಿಬೇವಿನ ಕಡ್ಡಿಗಳನ್ನು ತೋರಿಸಿದರು.

ಅವತ್ತೇ ಬುದ್ಧಿ ಬರಬೇಕಿತ್ತು. ಯಾಕೆಂದರೆ ನನ್ನ ಹೊಟ್ಟೆಪಾಡೇ ಅದು. ಕಂಪನಿಗಳ ನೆಟ್‌ವರ್ಕಿಗೆ ಕಳ್ಳರು ನುಗ್ಗದ ಹಾಗೆ ನೋಡಿಕೊಳ್ಳುವುದು, ಆಮೇಲೆ ಅಲ್ಲಿನ ನೌಕರರನ್ನು ಸಾಲಾಗಿ ಕೂರಿಸಿ ಭಾಷಣ ಬಿಗಿಯುವುದು. ನನ್ನ ಭಾಷಣದ ತಿರುಳು ಒಂದೇ: ಹೆಸರು ಬಚ್ಚಿಟ್ಟರೆ ಸಾಲದು, ಅಭ್ಯಾಸವನ್ನೂ ಬಚ್ಚಿಡಬೇಕು, ಮನುಷ್ಯ ಸಿಕ್ಕಿಬೀಳುವುದು ಅಭ್ಯಾಸದಿಂದ. ಎಲ್ಲರೂ ತಲೆಯಾಡಿಸಿ ಬರೆದುಕೊಳ್ಳುತ್ತಿದ್ದರು. ಹೇಳೋದು ಪುರಾಣ, ತಿನ್ನೋದು ಬದನೆಕಾಯಿ ಎಂದು ಜಪಾನಿ ಭಾಷೆಯಲ್ಲಿ ಹೇಗೆ ಹೇಳುತ್ತಾರೋ ನನಗೆ ಗೊತ್ತಿಲ್ಲ, ಆದರೆ ಆ ಗಾದೆ ಇರುವುದು ನನಗೋಸ್ಕರವೇ.

ಆ ವರ್ಷ ಏಪ್ರಿಲ್ ಮೊದಲ ವಾರದಲ್ಲಿ, ಗಂಡ ಕಂಪನಿ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದಾಗ, ಸೊಸೆ ಒಬ್ಬಳೇ ಇದ್ದಾಳೆಂದು ನನ್ನ ಅತ್ತೆ ಮೂರು ತಿಂಗಳ ವೀಸಾದ ಮೇಲೆ ಬಂದಿಳಿದರು. ಮೈಸೂರಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಪೆಟ್ಟಿಗೆ ತುಂಬ ಸ್ಟೀಲ್ ಡಬ್ಬಿ, ಲೋಟ, ಸೌಟು. ಒಂದೊಂದರ ಮೇಲೂ ಚುಕ್ಕೆಚುಕ್ಕೆಯಾಗಿ ಕೊರೆಸಿದ ಅವರ ಹೆಸರು. ಉಪ್ಪಿನಕಾಯಿ ಚಮಚವನ್ನೂ ಬಿಟ್ಟಿರಲಿಲ್ಲ. "ಇಷ್ಟು ದೂರದಲ್ಲಿ ಯಾರು ಕದೀತಾರೆ ಅತ್ತೆ?" ಎಂದರೆ, "ಕದಿಯೋದಕ್ಕಲ್ಲ ಕಣಮ್ಮ, ಕೊಟ್ಟೋರು ಯಾರು ಅಂತ ಗೊತ್ತಿರ್ಬೇಕಲ್ವಾ?" ಎಂದರು. ತಾವು ಮಾಡಿದ ಉಪಕಾರ ತಮ್ಮ ಲೆಕ್ಕಕ್ಕೇ ಜಮಾ ಆಗಬೇಕು ಎನ್ನುವ ಹೆಂಗಸು. ನನ್ನ ಮದುವೆಯಲ್ಲಿ ಹೋಳಿಗೆಗೆ ಏಲಕ್ಕಿ ಪುಡಿ ಮಾಡಿದ್ದು ತಾವೇ ಎಂದು ಹದಿನೈದು ವರ್ಷಗಳಿಂದ ನೆನಪಿಸುತ್ತಿದ್ದಾರೆ.

ಬಂದ ಮಾರನೆಯ ದಿನವೇ ಅಡುಗೆಮನೆಯ ಗೋಡೆಯಲ್ಲಿ ನೇತುಹಾಕಿದ್ದ ಕನ್ನಡ ಕ್ಯಾಲೆಂಡರ್ ನೋಡಿ ತಲೆಯಾಡಿಸಿದರು. "ಈ ರಾಹುಕಾಲ ಇಲ್ಲಿಗೆ ಆಗಲ್ಲ. ಇದು ಅಲ್ಲಿನ ಸೂರ್ಯಂದು. ಇಲ್ಲಿ ಐದು ಗಂಟೆಗೆಲ್ಲ ಬಂದು ಕೂತಿರ್ತಾನಲ್ಲ." ಕಾವಾಸಾಕಿಯ ಸೂರ್ಯೋದಯ, ಸೂರ್ಯಾಸ್ತ ಹುಡುಕಿ, ಹಗಲನ್ನು ಎಂಟು ಭಾಗ ಮಾಡಿ, ಗ್ರಾಫ್ ಹಾಳೆಯಲ್ಲಿ ಸ್ಕೇಲಿಟ್ಟು ಗೆರೆ ಎಳೆದು, ಏಳು ದಿನದ ರಾಹುಕಾಲದ ಪಟ್ಟಿಯನ್ನು ಫ್ರಿಜ್ಜಿನ ಮೇಲೆ ಅಂಟಿಸಿದರು. ಹದಿನೈದು ದಿನಕ್ಕೊಮ್ಮೆ ತಿದ್ದುಪಡಿ ಬೇರೆ. ನಾನು ಅಲ್ಲೇ ನಿಂತು, ರಾಹು ಎಂಬ ಗ್ರಹವೇ ಇಲ್ಲ, ಇದೆಲ್ಲ ಬರೀ ಕಂತೆ ಎಂದು ಐದು ನಿಮಿಷ ಉಪನ್ಯಾಸ ಕೊಟ್ಟೆ. "ನೀನು ನಂಬಬೇಡಮ್ಮ. ಅದರ ಪಾಡಿಗೆ ಅದು ಅಲ್ಲಿರಲಿ," ಎಂದರು ಅತ್ತೆ. ಅದರ ಪಾಡಿಗೆ ಅದು ಅಲ್ಲಿತ್ತು. ಹಾಲು ತೆಗೆಯುವಾಗ, ಮೊಸರು ಇಡುವಾಗ ಕಣ್ಣು ತಾನಾಗಿ ಅದರ ಮೇಲೆ ಬೀಳುತ್ತಿತ್ತು.

ನಮ್ಮ ಮೇಲಿನ ಮಹಡಿಯಲ್ಲಿ ನನ್ನ ಗೆಳತಿ ಇದ್ದಳು. ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು, ರಾತ್ರಿಯೆಲ್ಲ ಲ್ಯಾಬಿನ ಮೈಕ್ರೋಸ್ಕೋಪಿನ ಮುಂದೆ ಕೂರುವ ಪಾಳಿ. ಯಾವ ದೇಶದವಳು ಎಂದು ಹೇಳುವುದಿಲ್ಲ. ಭೂಪಟ ತೆಗೆದು ಹುಡುಕುವ ಚಟವಿದ್ದವರು ದಯವಿಟ್ಟು ಮಡಚಿಡಿ. ಜೋರಾಗಿ ಮಾತಾಡಿದವರನ್ನು ಎತ್ತಿಕೊಂಡು ಹೋಗುವ ಸರ್ಕಾರ ಅಲ್ಲಿನದು ಎಂದಷ್ಟೇ ಹೇಳಿದರೆ ಸಾಕು. ಅಲ್ಲಿ ಇಂಟರ್‌ನೆಟ್ಟಿನ ಅರ್ಧಕ್ಕೆ ಬೀಗ. ಬೀಗ ತಪ್ಪಿಸುವ ವಿಪಿಎನ್ ಹಾಕಿ ಹೋದರೆ ಅದಕ್ಕೂ ಬೀಗ. ಆದ್ದರಿಂದ ಹೊರದೇಶದಲ್ಲಿರುವ ಕೆಲವರು ಗುಟ್ಟಾಗಿ ಹಿಂಬಾಗಿಲು ತೆರೆದಿಡುತ್ತಾರೆ. ಅದರ ವಿಳಾಸ ಗೊತ್ತಿದ್ದವರು ಅದರ ಮೂಲಕ ಹೊರಗೆ ಬಂದು, ಸುದ್ದಿ ಓದಿ, ಮನೆಯವರಿಗೆ ಎರಡು ಸಾಲು ಬರೆದು ಹೋಗುತ್ತಾರೆ. ಎರಡು ದಿನಕ್ಕೆ ಸರ್ಕಾರ ಅದನ್ನೂ ಪತ್ತೆ ಹಚ್ಚಿ ಮುಚ್ಚುತ್ತದೆ. ಮತ್ತೆ ಹೊಸ ಬಾಗಿಲು. ಆ ಬಾಗಿಲುಗಳ ವಿಳಾಸವನ್ನೂ ಒಳಗಿನವರು ಬರೆದು ಕಳಿಸಿದ ಪತ್ರಗಳನ್ನೂ ಹೆಸರಿಲ್ಲದ ಒಂದು ಪುಟದಲ್ಲಿ ಪ್ರಕಟಿಸುತ್ತಿದ್ದವಳು ನನ್ನ ಗೆಳತಿ.

ಊರಿನಲ್ಲಿ ಅವಳಿಗೊಬ್ಬ ತಮ್ಮ ಇದ್ದ. ಇಪ್ಪತ್ತೆರಡು ವರ್ಷ. ಎರಡು ಸಲ ಅವನನ್ನು ಕರೆಸಿ, ನಿನ್ನಕ್ಕ ಅಲ್ಲಿ ಕೂತು ಏನು ಬರೀತಾಳೆ ಎಂದು ಕೇಳಿದ್ದರು. ಆ ಪುಟ ಅಕ್ಕನದು ಎಂದು ಅವನಿಗೆ ಗೊತ್ತೇ ಇರಲಿಲ್ಲ, ಎಲ್ಲರ ಹಾಗೆ ಅವನೂ ಅದರ ಓದುಗ. ಗೊತ್ತಿಲ್ಲದವನನ್ನು ಹೊಡೆದರೂ ಏನೂ ಹೊರಗೆ ಬರುವುದಿಲ್ಲ ಎಂದುಕೊಂಡೇ ಅವಳು ಅವನಿಗೆ ಹೇಳಿರಲಿಲ್ಲ. ಇಡೀ ಜಪಾನಿನಲ್ಲಿ ಅವಳ ದೇಶದವರು ಒಂದು ಬಸ್ಸು ತುಂಬುವಷ್ಟೂ ಇಲ್ಲ. ಬರೆಯುವವರು ಜಪಾನಿನಲ್ಲಿದ್ದಾರೆ ಎಂದು ಗೊತ್ತಾದರೆ ಅವಳ ಬಾಗಿಲಿಗೆ ಬರಲು ಅರ್ಧ ದಿನ ಸಾಕು. ಅಲ್ಲಿ ತಮ್ಮ ಒಳಗೆ ಹೋಗಲು ಅಷ್ಟೂ ಬೇಡ.

ಆದ್ದರಿಂದ ಅವಳಿಗೆ ಚಿಂತೆ ಇದ್ದದ್ದು ಗಡಿಯಾರದ್ದು. ಪ್ರಕಟಿಸುವ ಹೊತ್ತು ನೋಡಿಯೇ, ಇವರು ಎಷ್ಟು ಹೊತ್ತಿಗೆ ಮಲಗುತ್ತಾರೆ, ಯಾವ ದೇಶದಲ್ಲಿದ್ದಾರೆ ಎಂದು ಹೇಳಿಬಿಡಬಹುದು. ಅವಳು ಕೇಳಿದಾಗ ನಾನು ಎದೆ ಉಬ್ಬಿಸಿ ಒಪ್ಪಿಕೊಂಡೆ. ಇಪ್ಪತ್ತನಾಲ್ಕು ಗಂಟೆಯನ್ನು ಅರ್ಧರ್ಧ ಗಂಟೆಯ ಚೀಟಿ ಮಾಡಿ, ಹಗಲಿನ ಚೀಟಿ ನನ್ನ ಗ್ರೀನ್ ಟೀ ಡಬ್ಬಿಗೆ, ರಾತ್ರಿಯವು ಅವಳ ಡಬ್ಬಿಗೆ. ದಿನಾ ಮೂರು ಮೂರು ಚೀಟಿ ಎತ್ತುವುದು, ಬಂದ ಹೊತ್ತಿಗೆ ಪ್ರಕಟಿಸುವುದು. ಇಂಜಿನಿಯರಮ್ಮನಿಗೆ ಒಂದು ಪ್ರೋಗ್ರಾಂ ಬರೆಯಲು ಬರುವುದಿಲ್ಲವೇ ಎಂದು ನೀವು ಕೇಳಬಹುದು. ಬರುತ್ತದೆ ಸ್ವಾಮಿ. ಆದರೆ ಆ ಪುಟದ ಪಾಸ್‌ವರ್ಡನ್ನು ಸದಾ ಚಾಲೂ ಇರುವ ಯಾವ ಯಂತ್ರದಲ್ಲೂ ಬಿಡಲು ಅವಳು ಒಪ್ಪಲಿಲ್ಲ. "ಯಂತ್ರವನ್ನು ಕದಿಯಬಹುದು. ನಿನ್ನನ್ನು ನಂಬುತ್ತೇನೆ," ಎಂದಳು.

ಹೀಗೆ ನಾನು ಎರಡನೇ ಫೋನಿಟ್ಟುಕೊಂಡು ಗೂಢಚಾರಿಣಿಯಾದೆ. ಆಫೀಸಿನಲ್ಲಿದ್ದಾಗ ಚೀಟಿಯ ಹೊತ್ತು ಬಂದರೆ ಟಾಯ್ಲೆಟ್ಟೇ ಗತಿ. ಒಂದು ದಿನ ಹತ್ತಕ್ಕೆ, ಇನ್ನೊಂದು ದಿನ ಎರಡೂವರೆಗೆ, ಮೀಟಿಂಗಿನ ಮಧ್ಯೆ ಸುಮಿಮಾಸೆನ್, ಕ್ಷಮಿಸಿ, ಎನ್ನುತ್ತ ಎದ್ದು ಓಡುವುದು. ಮೂರನೇ ವಾರ ನಮ್ಮ ವಿಭಾಗದ ಮುಖ್ಯಸ್ಥರು, ಬುಚೋ-ಸಾನ್, ಯಾರೂ ಇಲ್ಲದಾಗ ನನ್ನ ಮೇಜಿನ ಮೇಲೆ ಒಂದು ಪುಟ್ಟ ಸೀಸೆ ಇಟ್ಟು ಹೋದರು. ಹೊಟ್ಟೆಯ ಮಾತ್ರೆ. ಅದರ ಮೇಲೊಂದು ಚೀಟಿ: "ನನಗೂ ಹೀಗೆಯೇ ಇತ್ತು. ಧೈರ್ಯವಾಗಿರಿ." ಮಾನ ಹೋಯಿತು, ಗುಟ್ಟು ಉಳಿಯಿತು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಸೋಮವಾರ ಬೆಳಿಗ್ಗೆ ಏಳರ ಚೀಟಿ ಬಂತೆನ್ನಿ. ಕಣ್ಣು ಫ್ರಿಜ್ಜಿನ ಕಡೆ ಹೋಗುತ್ತಿತ್ತು, ಅಲ್ಲಿನ ಪಟ್ಟಿಯಲ್ಲಿ ಅದು ರಾಹುಕಾಲ. ಕೈ ಆ ಚೀಟಿಯನ್ನು ಡಬ್ಬಿಗೆ ವಾಪಸು ಹಾಕಿ ಇನ್ನೊಂದನ್ನು ಎತ್ತುತ್ತಿತ್ತು. ಯಾರೂ ಹೇಳಿರಲಿಲ್ಲ, ಅತ್ತೆಗಂತೂ ಈ ವ್ಯವಹಾರವೇ ಗೊತ್ತಿರಲಿಲ್ಲ. ನಂಬಿಕೆಯಿಂದ ಮಾಡಿದ್ದೂ ಅಲ್ಲ. ಸುಮ್ಮನೆ ಯಾಕೆ ಬೇಕು, ಅಷ್ಟೇ. ಇನ್ನೊಬ್ಬರ ಕೆಲಸ, ಮೇಲಾಗಿ ಅಪಾಯದ ಕೆಲಸ, ಇಷ್ಟೊಂದು ಹೊತ್ತಿರುವಾಗ ಅದೇ ಹೊತ್ತು ಯಾಕೆ? ಹತ್ತು ವಾರ ಹೀಗೆ ನಡೆಯಿತು.

ಜೂನಿನ ಒಂದು ಭಾನುವಾರ, ಹೊರಗೆ ಜಿಟಿಜಿಟಿ ಮಳೆ, ಗೆಳತಿ ಒಂದು ಹಾಳೆ ಹಿಡಿದುಕೊಂಡು ಇಳಿದು ಬಂದಳು. ಅವಳ ಮುಖ ಮೊದಲೇ ಬಾಡಿತ್ತು. ಹತ್ತು ದಿನಗಳಿಂದ ಅವಳ ಊರಿನಲ್ಲಿ ಇಂಟರ್‌ನೆಟ್ ಹೆಚ್ಚುಕಡಿಮೆ ಪೂರ್ತಿ ಬಂದ್, ಬೀದಿಗಳಲ್ಲಿ ಹುಡುಗರನ್ನು ಎತ್ತಿಕೊಂಡು ಹೋಗುತ್ತಿದ್ದಾರೆ ಎಂಬ ಸುದ್ದಿ, ತಮ್ಮನಿಂದ ಒಂದಕ್ಷರವಿಲ್ಲ. ಅದರ ಮೇಲೆ ಇದು. ಅವಳ ದೇಶದ ಸರ್ಕಾರವನ್ನು ಹೊಗಳುವ ಜಾಲತಾಣದಲ್ಲಿ ಯಾವನೋ ಕೆಲಸವಿಲ್ಲದವನು ನಮ್ಮ ಪುಟದ ಪ್ರತಿಯೊಂದು ಪ್ರಕಟಣೆಗೂ ಚುಕ್ಕೆಯಿಟ್ಟು ನಕ್ಷೆ ಬರೆದಿದ್ದ. ಅಡ್ಡಕ್ಕೆ ವಾರದ ಏಳು ದಿನ, ಉದ್ದಕ್ಕೆ ಇಪ್ಪತ್ತನಾಲ್ಕು ಗಂಟೆ. ಎಲ್ಲೆಲ್ಲೂ ಚುಕ್ಕೆ. ಆದರೆ ದಿನಕ್ಕೊಂದರಂತೆ ಏಳು ಜಾಗದಲ್ಲಿ ಚೊಕ್ಕಟವಾದ ಬಿಳಿ ಚೌಕ, ಒಂದೊಂದು ದಿನ ಒಂದೊಂದು ಎತ್ತರದಲ್ಲಿ. ಕೆಳಗೆ ಅವನು ಬರೆದಿದ್ದ: ಇದೇನು? ನರ್ಸಿನ ಪಾಳಿಯೇ? ಇನ್ನು ಕೆಲವು ವಾರ ನೋಡುತ್ತೇನೆ, ಆಮೇಲೆ ತಿಳಿದವರಿಗೆ ತೋರಿಸುತ್ತೇನೆ.

"ಆ ಹೊತ್ತಿನಲ್ಲಿ ನಿನಗೆ ಮೀಟಿಂಗ್ ಇರುತ್ತದೆಯೇ?" ಎಂದು ಗೆಳತಿ ಕೇಳಿದಳು. ನಾವಿಬ್ಬರೂ ಮಾತಾಡುವುದು ಇಂಗ್ಲಿಷಿನಲ್ಲಿ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನಾನು ತಿರುಗಿ ಫ್ರಿಜ್ ನೋಡಿದೆ. ಏನಾದರೊಂದು ಸುಳ್ಳು ಹೊಂದಿಸೋಣ ಎಂದು ಬಾಯಿ ತೆರೆಯುವಷ್ಟರಲ್ಲಿ, ಕಾಫಿ ಲೋಟಗಳನ್ನು ಹಿಡಿದು ಬಂದ ಅತ್ತೆ ಕನ್ನಡಕ ಏರಿಸಿ ಹಾಳೆಯತ್ತ ಬಗ್ಗಿದರು.

"ಅಯ್ಯೋ, ರಾಹುಕಾಲ! ಯಾರೇ ಬರೆದದ್ದು ಇಷ್ಟು ಚೆನ್ನಾಗಿ?"

"ಅತ್ತೆ, ಸುಮ್ನಿರಿ."

"ಸುಮ್ನೇನಿರೋದು? ನೋಡು, ಎಲ್ಲಕ್ಕಿಂತ ಮೇಲೆ ಸೋಮವಾರ, ಆಮೇಲೆ ಶನಿವಾರ, ಶುಕ್ರವಾರ, ಬುಧವಾರ... ಸರಿಯಾಗಿದೆ. ಆದ್ರೆ ಗಂಟೆ ಹಿಂದೆ ಹೋಗಿದೆಯಲ್ಲ." ಬೆರಳು ಮಡಚಿ ಎಣಿಸಿದರು. ಎಷ್ಟು ಗಂಟೆ ಎಂದು ನಾನು ಬರೆದರೆ ದೇಶ ಗೊತ್ತಾಗಿಬಿಡುತ್ತದೆ, ಬರೆಯುವುದಿಲ್ಲ. "ಇಷ್ಟು ಗಂಟೆ ಕೂಡಿಸಿದ್ರೆ ನಮ್ಮ ಫ್ರಿಜ್ ಮೇಲಿರೋದೇ. ಇದು ಜಪಾನಿನ ರಾಹುಕಾಲ ಕಣೇ. ಬೆಂಗಳೂರಿಂದಲ್ಲ."

ಅರ್ಧ ನಿಮಿಷ ಹಿಡಿಯಲಿಲ್ಲ ಅವರಿಗೆ. ನಮ್ಮ ಕಡೆಯ ಯಾವ ಅಜ್ಜಿ ನೋಡಿದರೂ ಅರ್ಧ ನಿಮಿಷ ಹಿಡಿಯುತ್ತಿರಲಿಲ್ಲ.

ಗೆಳತಿ ನನ್ನ ಮುಖ ನೋಡಿದಳು. ಹೇಳಲೇಬೇಕಾಯಿತು. ಮೈಯಿಲ್ಲದ ಒಂದು ತಲೆ ಇದೆ, ಅದಕ್ಕೆ ಸೂರ್ಯನನ್ನು ನುಂಗುವ ಆಸೆ, ದಿನದಲ್ಲಿ ಒಂದೂವರೆ ಗಂಟೆ ಅದರ ಪಾಲು, ಆಗ ನಮ್ಮವರು ಹೊಸ ಕೆಲಸಕ್ಕೆ ಕೈ ಹಾಕುವುದಿಲ್ಲ ಎಂದೆಲ್ಲ ವಿವರಿಸಿದೆ. ಇಂಗ್ಲಿಷಿನಲ್ಲಿ ಹೇಳುತ್ತ ಹೋದಂತೆ ನನಗೇ ನನ್ನ ಮೇಲೆ ಅಸಹ್ಯವಾಯಿತು.

"ನೀನು ಇದನ್ನು ನಂಬುತ್ತೀಯಾ?"

"ಇಲ್ಲ."

"ಮತ್ತೆ?"

"ಸುಮ್ಮನೆ ಅಪಾಯ ಯಾಕೆ ಅಂತ..."

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು. ಹಾಳೆಯನ್ನು ನಾಲ್ಕಾಗಿ ಮಡಚಿ, "ಅವನಿಗೆ ಇಪ್ಪತ್ತೆರಡು ವರ್ಷ," ಎಂದಳು. ನಾನು ಅತ್ತುಬಿಟ್ಟೆ. ಅಷ್ಟು ಭಾಷಣ ಬಿಗಿದವಳು, ಅಷ್ಟು ಜನಕ್ಕೆ ಬುದ್ಧಿ ಹೇಳಿದವಳು, ಒಬ್ಬ ಹುಡುಗನ ಕುತ್ತಿಗೆಯನ್ನು ಫ್ರಿಜ್ಜಿನ ಮೇಲಿನ ಪಟ್ಟಿಗೆ ಕಟ್ಟಿದ್ದೆ.

ಇಬ್ಬರೂ ಅಳುಮುಖದಲ್ಲಿರುವುದನ್ನು ಕಂಡು ಅತ್ತೆ ಕಾಫಿ ಕೆಳಗಿಟ್ಟು, ಏನು ವಿಷಯ ಎಂದು ಗಟ್ಟಿಯಾಗಿ ಕೇಳಿದರು. ಗೆಳತಿಯೇ ಅವರಿಗೆ ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದಳು. ನಾನು ಕರೆಯುವುದನ್ನು ಕೇಳಿ ಅವಳೂ ಅವರನ್ನು ಅತ್ತೆ-ಸಾನ್ ಎನ್ನುತ್ತಿದ್ದಳು, ಅದೇ ಅವರ ಹೆಸರು ಎಂದುಕೊಂಡು. ಕಾನ್ರಿನಿನ್-ಸಾನ್ ಕೂಡ ಹಾಗೇ. ನಮ್ಮ ಮೂವರಲ್ಲಿ ಗುರುತು ಸರಿಯಾಗಿ ಬಚ್ಚಿಟ್ಟುಕೊಂಡಿದ್ದವರು ಅತ್ತೆ ಒಬ್ಬರೇ.

ಉಪಾಯ ಹೊಳೆದದ್ದೂ ಅವರಿಗೇ. "ಖಾಲಿ ಮನೆ ತುಂಬಿಸಿ. ನಕ್ಷೆಯಲ್ಲಿ ಚುಕ್ಕೆ ಹಳೇದೋ ಹೊಸದೋ ಯಾರಿಗೆ ಗೊತ್ತಾಗುತ್ತೆ? ನಾಳೆಯಿಂದ ಹಗಲಿನದ್ದೆಲ್ಲ ರಾಹುಕಾಲದಲ್ಲೇ ಹಾಕಿ." ಗಣಿತದ ಮೇಷ್ಟ್ರು ಎಂದರೆ ಹೀಗಿರಬೇಕು.

ಮರುದಿನ ಸೋಮವಾರ, ಬೆಳಿಗ್ಗೆ ಆರೂಕಾಲಿನಿಂದ ಎಂಟರವರೆಗೆ ನನ್ನ ಪಾಳಿ. ಯಾರೋ ಬರೆದ ಒಂದು ಪತ್ರವನ್ನು ಪ್ರಕಟಿಸಬೇಕಿತ್ತು, ಅಷ್ಟೇ. ಫೋನ್ ಹಿಡಿದು ಕೂತೆ. ಹೆಬ್ಬೆರಳು ಗುಂಡಿಯ ಮೇಲೆ ಹೋಗುತ್ತದೆ, ಇಳಿಯುವುದಿಲ್ಲ. ಹತ್ತು ದಿನದಿಂದ ಸುದ್ದಿಯಿಲ್ಲದ ಹುಡುಗ, ನಾನು ಈ ಹೊತ್ತಿನಲ್ಲಿ ಒತ್ತಿ, ಅವನಿಗೇನಾದರೂ ಆದರೆ? ನಂಬಿಕೆಯಿಲ್ಲ ಎಂದು ಹೇಳಿಕೊಂಡೆ. ಹತ್ತು ಸಲ ಹೇಳಿಕೊಂಡೆ. ಎಂಟು ಹೊಡೆಯಿತು. ನೆಟ್‌ವರ್ಕ್ ನಿಧಾನವಿತ್ತು ಎಂದು ಗೆಳತಿಗೆ ಮೆಸೇಜ್ ಹಾಕಿದೆ. "ನಾನು ನೋಡುತ್ತಿದ್ದೆ, ನೆಟ್‌ವರ್ಕ್ ಸರಿಯಾಗಿತ್ತು," ಎಂದು ಉತ್ತರ ಬಂತು. ಜನ್ಮದಲ್ಲಿ ಅಷ್ಟು ನಾಚಿಕೆ ಪಟ್ಟಿರಲಿಲ್ಲ.

ಮಂಗಳವಾರ ನಾನು ಮನೆಯಿಂದಲೇ ಕೆಲಸ ಮಾಡುವ ದಿನ. ಮಧ್ಯಾಹ್ನ ಗೆಳತಿ ಓಡಿಬಂದಳು. ಹೊಸ ಬಾಗಿಲು ಸಿದ್ಧವಾಗಿದೆ, ಹನ್ನೆರಡು ದಿನದಲ್ಲಿ ಮೊದಲನೆಯದು, ಕೂಡಲೇ ಹೋಗಬೇಕು. ಮಂಗಳವಾರದ ರಾಹುಕಾಲ ಮೂರೂಕಾಲಿನಿಂದ. ನಾನು ಅತ್ತೆಯ ಮುಖ ನೋಡಿದೆ.

"ಕೊಡಿಲ್ಲಿ," ಎಂದರು ಅತ್ತೆ. "ನಿನಗೆ ನಂಬಿಕೇನೂ ಇಲ್ಲ, ಧೈರ್ಯಾನೂ ಇಲ್ಲ. ನಂಬೋಳು ನಾನು. ಒತ್ತೋದೂ ನಾನೇ, ರಾಹುಗೆ ಉತ್ತರ ಹೇಳೋದೂ ನಾನೇ. ಮಂಗಳವಾರದ ರಾಹುಕಾಲ ಅಂದ್ರೆ ಏನಂದ್ಕೊಂಡಿದೀಯ? ದುರ್ಗೆಗೆ ನಿಂಬೆಹಣ್ಣಿನ ದೀಪ ಹಚ್ಚೋ ಹೊತ್ತು. ಹೋಗು, ನಿಂಬೆಹಣ್ಣು ತಗೊಂಬಾ."

ಬೀದಿ ಮೂಲೆಯ ಕೊಂಬಿನಿ ಅಂಗಡಿಗೆ ಓಡಿದೆ. ಸಿಕ್ಕಿದ್ದು ಮುಷ್ಟಿಗಾತ್ರದ ಒಂದೇ ಒಂದು ಹಳದಿ ಹಣ್ಣು. ಅತ್ತೆ ಅದನ್ನು ಹೆಚ್ಚಿ, ಹಿಂಡಿ, ಸಿಪ್ಪೆಯನ್ನು ಒಳಹೊರಗೆ ತಿರುಗಿಸಲು ಹೆಣಗಾಡಿದರು. "ಇದೇನು ನಿಂಬೆಹಣ್ಣಾ, ಕಿತ್ತಳೆಗೆ ಹುಟ್ಟಿದ್ದಾ? ಚಪ್ಪಲಿ ಥರ ಇದೆ ಸಿಪ್ಪೆ." ಅಂತೂ ತುಪ್ಪ ಹಾಕಿ ಬತ್ತಿ ಹಚ್ಚಿದರು. ಅಷ್ಟಕ್ಕೆ ನಿಲ್ಲಿಸಬಾರದೇ? ದುರ್ಗೆಗೆ ಎಂದು ಸಾಂಬ್ರಾಣಿಯನ್ನೂ ಹೊತ್ತಿಸಿದರು. ಹೊಗೆ ಮೇಲೇರಿತು. ಸರಿಯಾಗಿ ಮೂರೂವರೆಗೆ ಸೂರಿನಿಂದ ಒಬ್ಬ ಹೆಂಗಸಿನ ಶಾಂತವಾದ ಧ್ವನಿ, "ಕಾಜಿ ದೆಸು, ಕಾಜಿ ದೆಸು," ಬೆಂಕಿ ಬಿದ್ದಿದೆ, ಬೆಂಕಿ ಬಿದ್ದಿದೆ ಎನ್ನತೊಡಗಿತು. ನಮ್ಮ ಹೊಗೆಯ ಅಲಾರಂ ಬಾಯಿಬಿಟ್ಟದ್ದು ಅದೇ ಮೊದಲು.

"ಯಾರೇ ಅದು?" ಎಂದರು ಅತ್ತೆ, ಮೇಲೆ ನೋಡಿ ಕೈ ಮುಗಿದು. ನಾನು ಟವೆಲ್ ಹಿಡಿದು ಹಾರುತ್ತಿದ್ದೆ. ಕಾನ್ರಿನಿನ್-ಸಾನ್ ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಹೊತ್ತು ಬಾಗಿಲು ಬಡಿಯುತ್ತಿದ್ದರು. ಗೆಳತಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತು ಸುಮಿಮಾಸೆನ್, ಸುಮಿಮಾಸೆನ್ ಎಂದು ಒಂದೇ ಸಮನೆ ಹೇಳುತ್ತಿದ್ದಳು. ಈ ಗದ್ದಲದ ನಡುವೆ ಅತ್ತೆ ದೀಪದ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಫೋನನ್ನು ಕಣ್ಣಿಗೊತ್ತಿಕೊಂಡು, ತೋರುಬೆರಳಿನಿಂದ ಗುಂಡಿ ಒತ್ತಿದರು. ಬಾಗಿಲು ಲೋಕಕ್ಕೆ ತೆರೆಯಿತು. ಕಾನ್ರಿನಿನ್-ಸಾನ್ ಒಳಬಂದು, ನಿಂಬೆಹಣ್ಣನ್ನು ಬಹಳ ಹೊತ್ತು ನೋಡಿ, ಇದನ್ನು ಹಸಿಕಸಕ್ಕೆ ಹಾಕಬೇಕು ಎಂದಷ್ಟೇ ಹೇಳಿ ಹೋದರು.

ನಕ್ಷೆಯ ಕಥೆಯನ್ನು ಇಲ್ಲೇ ಮುಗಿಸಿಬಿಡುತ್ತೇನೆ. ಮೂರು ವಾರ ಹಗಲಿನದ್ದೆಲ್ಲ ರಾಹುಕಾಲದಲ್ಲೇ ಹೋಯಿತು. ಮೊದಲ ವಾರ ಅತ್ತೆ ಒತ್ತಿದರು, ಆಮೇಲೆ ನಾನೂ ಒತ್ತಿದೆ. ಆ ಕೆಲಸವಿಲ್ಲದವನು ಮತ್ತೆ ನಕ್ಷೆ ಬರೆದ. ಬಿಳಿ ಚೌಕ ಒಂದೂ ಇರಲಿಲ್ಲ. ಕಾಕತಾಳೀಯ ಇರಬೇಕು ಎಂದು ಬರೆದು ಇನ್ನಾರದೋ ಬೆನ್ನು ಹತ್ತಿದ.

ಆದರೆ ಆ ಮಂಗಳವಾರ ನಮಗೆ ಇದೊಂದೂ ಗೊತ್ತಿರಲಿಲ್ಲ. ನಾಲ್ಕಾಯಿತು, ಐದಾಯಿತು. ಗೆಳತಿ ಮೇಜಿನ ಮೇಲೆ ಫೋನಿಟ್ಟುಕೊಂಡು ಕೂತೇ ಇದ್ದಳು. ಅತ್ತೆ ಚಿತ್ರಾನ್ನ ಮಾಡಿದರು, ಹಿಂಡಿದ ನಿಂಬೆರಸ ಯಾಕೆ ದಂಡ ಎಂದು. ಯಾರೂ ತಿನ್ನಲಿಲ್ಲ. ಸಂಜೆ ಏಳಕ್ಕೆ ಫೋನ್ ಬೆಳಗಿತು.

ತಮ್ಮ. ಬದುಕಿದ್ದ. ಮನೆಯಲ್ಲೇ ಇದ್ದ. ಗೆಳತಿ ಬಾಯಿಗೆ ಕೈ ಒತ್ತಿಕೊಂಡು ಓದುತ್ತ, ಒಂದೊಂದು ಸಾಲನ್ನೂ ನಮಗೆ ಹೇಳಿದಳು. ಆ ಪುಟದಲ್ಲಿ ಹೊಸ ಬಾಗಿಲು ಬಂತು ಅಕ್ಕ, ಅದರಿಂದಲೇ ಬರೆಯುತ್ತಿದ್ದೇನೆ. ಯಾರು ಅದನ್ನು ನಡೆಸುವವರು ಎಂದು ಇಲ್ಲಿ ಯಾರಿಗೂ ಗೊತ್ತಿಲ್ಲ. ನಮ್ಮ ಬೀದಿಯವರೇ ಯಾರೋ ಇರಬೇಕು ಎನ್ನುತ್ತಾರೆ ಎಲ್ಲರೂ. ಇಲ್ಲದಿದ್ದರೆ ಯಾರಿಗೆ ನಮ್ಮ ಮೇಲೆ ಇಷ್ಟು ಕಾಳಜಿ? ನಿನಗೇನಾದರೂ ಗೊತ್ತಾ?

ಅತ್ತೆಯ ಮುಖ ಅರಳಿತು. "ಗೊತ್ತು ಅಂತ ಹೇಳು! ಮೈಸೂರಿನ ಒಬ್ರು ಟೀಚರ್ರು ಅಂತ—"

"ಇಲ್ಲ, ಅತ್ತೆ-ಸಾನ್," ಎಂದಳು ಗೆಳತಿ ಮೆಲ್ಲಗೆ.

ಅತ್ತೆಗೆ ಅರ್ಥವಾಯಿತು. ಚಿತ್ರಾನ್ನದ ಡಬ್ಬಿಯ ಮೇಲಿನ ತಮ್ಮ ಹೆಸರಿನ ಚುಕ್ಕೆಗಳನ್ನು ಬೆರಳಿನಿಂದ ಸವರಿದರು. "ಸರಿ. ಗೊತ್ತಿಲ್ಲ ಅಂತಲೇ ಹೇಳು. ನನ್ ಹೆಸರು ಏನಕ್ಕೆ," ಎಂದರು. ಅವರ ಬಾಯಲ್ಲಿ ಆ ಮಾತನ್ನು ನಾನು ಕೇಳಿದ್ದು ಅದೊಂದೇ ಸಲ. ಆಮೇಲೆ, "ಊಟ ಆಯ್ತಾ ಅಂತ ಕೇಳು ಅವನ್ನ," ಎಂದರು.

ಗೆಳತಿ ಗೊತ್ತಿಲ್ಲ ಎಂದು ಬರೆದಳು. ಊಟ ಆಯಿತೇ ಎಂದೂ ಬರೆದಳು. ಉತ್ತರ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಓದಿ, ಅವಳು ನಕ್ಕಳೋ ಅತ್ತಳೋ ಗೊತ್ತಾಗಲಿಲ್ಲ.

ಅವನು ಬರೆದಿದ್ದ: "ಆಯಿತು. ಆದರೆ ನೀನು ಯಾವತ್ತೂ ಇದನ್ನು ಕೇಳಿದವಳಲ್ಲ. ನಿನ್ನ ಪಕ್ಕ ಯಾರಿದ್ದಾರೆ?"

ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅತ್ತೆ ಬೇಡ ಎಂದು ತಲೆಯಾಡಿಸಿದರು. ಗೆಳತಿ ಎಡಗೈಯಲ್ಲಿ ಅವರ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಬಲಗೈಯಲ್ಲಿ ಬರೆದಳು: ಯಾರೂ ಇಲ್ಲ.